ಹತ್ತು ತಿಂಗಳು ಟ್ರಂಕಿನಲ್ಲಿ, ಎರಡು ತಿಂಗಳು ಮೈಮೇಲೆ: ಕೈಯಲ್ಲಿ ಹೆಣೆದ ಟೊಪ್ಪಿಗೆ, ಮಫ್ಲರ್ ಬಾಳಿಸುವ ಬಗೆ

ಕೊಪ್ಪಳದಲ್ಲಿ ಉಲನ್ ಟೊಪ್ಪಿಗೆ ಹಾಕಿಕೊಂಡು ಹಾಕಿಕೊಂಡು ಸವೆದು ಹರಿದದ್ದನ್ನು ನಾನು ನೋಡಿದ್ದು ಬಹಳ ಕಡಿಮೆ. ಸವೆಯುವಷ್ಟು ಚಳಿ ನಮಗೆಲ್ಲಿದೆ? ದೀಪಾವಳಿ ಕಳೆದ ಮೇಲೆ ಬೆಳಗಿನ ಜಾವ ಒಂದಿಷ್ಟು ಥಂಡಿ, ಎಳ್ಳಮಾವಾಸ್ಯೆ, ಗವಿಮಠದ ಜಾತ್ರೆ ಹೊತ್ತಿಗೆ ಕಿವಿ ಮುಚ್ಚಿಕೊಳ್ಳುವಷ್ಟು. ಶಿವರಾತ್ರಿಗೆ ಅದೂ ಶಿವಶಿವಾ ಅಂತ ಹೊರಟೇ ಹೋಗುತ್ತದೆ. ಉಳಿದ ತಿಂಗಳೆಲ್ಲ ಮಫ್ಲರ್ ಟ್ರಂಕಿನ ತಳದಲ್ಲಿ ಬಿದ್ದಿರುತ್ತದೆ, ಅದರ ಮೇಲೆ ಕೌದಿ, ಕೌದಿಯ ಮೇಲೆ ಮದುವೆಯಲ್ಲಿ ಬಂದ ಸ್ಟೀಲ್ ಪಾತ್ರೆ. ಆದ್ದರಿಂದ ನಮ್ಮ ಕಡೆ ಹೆಣಿಗೆ ಕೆಡುವ ಜಾಗ ಎರಡೇ: ಒಂದು ಬಚ್ಚಲು, ಇನ್ನೊಂದು ಟ್ರಂಕು. ಶಿಮ್ಲಾದಲ್ಲೋ ಊಟಿಯಲ್ಲೋ ಕೂತವರು ಹೇಳುವ ಉಪಾಯಗಳು ನಮಗೆ ಅರ್ಧವಷ್ಟೇ ಒಪ್ಪುತ್ತವೆ. ಅವರಿಗದು ನಿತ್ಯ ಹಾಕುವ ಬಟ್ಟೆ, ನಮಗೆ ಮಡಿಚಿಡುವ ಬಟ್ಟೆ.

ನಾನಿರುವುದು ಭಾಗ್ಯನಗರದಲ್ಲಿ. ಕೂಸಿನ ಕುಲಾವಿ, ಟೊಪ್ಪಿಗೆ, ಮಫ್ಲರ್, ಕಾಲುಚೀಲ, ಫೋನಿನ ಚೀಲ, ಬಾಗಿಲ ತೋರಣ ಹೆಣೆದು ಕೊಡುತ್ತೇನೆ. ಬೇರೆ ಯಾರೋ ಹೆಣೆದದ್ದು ಕೆಟ್ಟಿದ್ದರೆ ಕೈಲಾದಷ್ಟು ಸರಿಮಾಡಿಯೂ ಕೊಡುತ್ತೇನೆ. ಚಳಿ ಶುರುವಾಗುವ ಹೊತ್ತಿಗೆ ಚೀಲ ಹಿಡಿದು ಬಾಗಿಲಿಗೆ ಬರುವವರ ಮುಖ ನೋಡಿದರೇ ಒಳಗೇನಿದೆ ಎಂದು ಗೊತ್ತಾಗುತ್ತದೆ. ಒಬ್ಬಾಕೆ ಬಂದು, "ಅಕ್ಕಾರ, ನಮ್ಮವ್ವ ಹೆಣದ ಟೊಪ್ಪಿಗಿ ಇದು. ಮಷೀನಿಗೆ ಹಾಕಿದ್ದೆ. ಈಗ ಕಿನ್ನಾಳ ಗೊಂಬಿ ತಲಿಗೆ ಆಗೂವಂಗ ಆಗೇತ್ರಿ" ಎಂದು ಕೈಗಿಟ್ಟಳು. ನಿಜವಾಗಿಯೂ ಹಾಗೇ ಆಗಿತ್ತು: ದಪ್ಪಗೆ, ಗಟ್ಟಿಯಾಗಿ, ಒಂದು ಕುಣಿಕೆಯೂ ಬಿಡಿಯಾಗಿ ಕಾಣದಂತೆ. ಅದನ್ನು ಮತ್ತೆ ಮೊದಲಿನಂತೆ ಮಾಡುವುದು ಯಾರ ಕೈಯಲ್ಲೂ ಇಲ್ಲ. ಕೆಡುವ ಮೊದಲು ತಿಳಿದಿರಬೇಕಾದ್ದನ್ನು ಬಂದವರಿಗೆಲ್ಲ ಬಾಯಲ್ಲಿ ಹೇಳಿ ಸಾಕಾಗಿದೆ, ಅದಕ್ಕೇ ಬರೆದಿಡುತ್ತಿದ್ದೇನೆ.

ದಾರ ಯಾವುದು, ಅದು ಮೊದಲು

ಅಂಗಡಿಯಲ್ಲಿ ಉಲನ್ ಎಂದು ಕೊಡುವುದೆಲ್ಲ ಕುರಿಯ ಉಣ್ಣೆಯಲ್ಲ. ಲೂಧಿಯಾನದ ಕಡೆಯಿಂದ ನಮ್ಮ ಪೇಟೆಗೆ ಬರುವ ಉಂಡೆಗಳಲ್ಲಿ ಹೆಚ್ಚಿನವು ಅಕ್ರಿಲಿಕ್. ಹಳಬರ ಬಾಯಲ್ಲಿ ಕ್ಯಾಶ್ಮಿಲಾನ್. ಅದು ಪೆಟ್ರೋಲಿಯಂ ಮೂಲದ ನೂಲು, ಕುರಿಗೂ ಅದಕ್ಕೂ ಸಂಬಂಧವಿಲ್ಲ. ಹಾಗೆಂದು ಕೀಳಲ್ಲ. ನಮ್ಮ ಹವಾಮಾನಕ್ಕೆ, ಮಕ್ಕಳ ಮೈಗೆ ಅದು ಎಷ್ಟೋ ಸಲ ಉಣ್ಣೆಗಿಂತ ಹಿತ. ಆದರೆ ಎರಡನ್ನೂ ಒಂದೇ ರೀತಿ ನೋಡಿಕೊಂಡರೆ ಎರಡರಲ್ಲಿ ಒಂದು ಖಂಡಿತ ಕೆಡುತ್ತದೆ.

ಉಂಡೆಯ ಚೀಟಿ ಇದ್ದರೆ ಓದಿ. ಇಲ್ಲದಿದ್ದರೆ ಒಳಮೈಯಲ್ಲಿ ಹೊಲಿದು ಮುಚ್ಚಿದ ತುದಿಯಿಂದ ಚೂರೇ ಚೂರು ಎಳೆ ಕತ್ತರಿಸಿ, ಇಕ್ಕಳದಲ್ಲಿ ಹಿಡಿದು, ನೀರಿನ ಬಟ್ಟಲ ಮೇಲೆ ಬೆಂಕಿಕಡ್ಡಿ ತೋರಿಸಿ. ಉಣ್ಣೆಯಾದರೆ ಕೂದಲು ಸುಟ್ಟ ವಾಸನೆ ಬರುತ್ತದೆ, ಕಡ್ಡಿ ಸರಿಸಿದ ಕೂಡಲೇ ಉರಿ ತಾನೇ ಆರುತ್ತದೆ, ಉಳಿದ ಕರಿ ಬೆರಳಲ್ಲಿ ಹಿಸುಕಿದರೆ ಪುಡಿಯಾಗುತ್ತದೆ. ಅಕ್ರಿಲಿಕ್ ಕರಗುತ್ತಾ ಕಪ್ಪು ಹೊಗೆ ಬಿಟ್ಟು ಉರಿಯುತ್ತದೆ, ತಣ್ಣಗಾದ ಮೇಲೆ ತುದಿಗೆ ಗಟ್ಟಿ ಮಣಿ ಉಳಿಯುತ್ತದೆ. ಅದನ್ನು ಬಿಸಿ ಇದ್ದಾಗ ಮುಟ್ಟಬೇಡಿ, ಚರ್ಮಕ್ಕೆ ಅಂಟಿ ಸುಡುತ್ತದೆ. ಹತ್ತಿ ಕಾಗದದ ವಾಸನೆ ಬಿಟ್ಟು ಮೆತ್ತನೆ ಬೂದಿಯಾಗುತ್ತದೆ. ಎರಡು ಬೆರೆತ ಲಕ್ಷಣ ಕಂಡರೆ ತೊಳೆಯುವಾಗ, ಎತ್ತಿಡುವಾಗ ಉಣ್ಣೆ ಎಂದೇ ತಿಳಿಯಿರಿ, ಇಸ್ತ್ರಿ, ಬೆಂಕಿಯ ಮಟ್ಟಿಗೆ ಅಕ್ರಿಲಿಕ್ ಎಂದೇ ತಿಳಿಯಿರಿ, ಮೋಸವಾಗುವುದಿಲ್ಲ.

ಉಣ್ಣೆಯ ಶತ್ರು ಬಿಸಿನೀರು, ತಿಕ್ಕಾಟ ಮತ್ತು ನುಸಿ. ಅಕ್ರಿಲಿಕ್ಕಿಗೆ ನುಸಿಯ ಭಯ ಅಷ್ಟಾಗಿ ಇಲ್ಲ, ಇಸ್ತ್ರಿಪೆಟ್ಟಿಗೆಯ ಭಯವಿದೆ. ಹತ್ತಿ ದಾರದ ಕ್ರೋಶಾಕ್ಕೆ ಅದರ ಸ್ವಂತ ಭಾರವೇ ಶತ್ರು: ನೀರು ಕುಡಿದು ಜೋತುಬಿದ್ದರೆ ಉದ್ದವಾಗುತ್ತಲೇ ಹೋಗುತ್ತದೆ.

ಕುರುಬರ ಕಂಬಳಿಯೂ ಉಣ್ಣೆಯೇ ಅಲ್ಲವೇ, ಅದನ್ನು ಹಳ್ಳದಲ್ಲಿ ಹಾಕಿ ತುಳಿದು ತೊಳೆಯುವುದಿಲ್ಲವೇ ಎಂದು ವಾದ ಮಾಡುವವರಿದ್ದಾರೆ. ಕಂಬಳಿ ನೇಯ್ದದ್ದು. ದಖನಿ ಕುರಿಯ ಒರಟು ಉಣ್ಣೆ, ಮೇಲೆ ಹುಣಸೆಬೀಜದ ಸರಿ ಹಚ್ಚಿ ಬಿಗಿ ಮಾಡಿದ ಎಳೆ. ತುಳಿತಕ್ಕೆ ಅದು ಇನ್ನಷ್ಟು ಒತ್ತಾಗುತ್ತದೆ, ಗಾಳಿ ಮಳೆ ತಡೆಯಲು ಅದೇ ಬೇಕು. ಕಡ್ಡಿಯಲ್ಲಿ ಹೆಣೆದ ಟೊಪ್ಪಿಗೆ ಬರೀ ಕುಣಿಕೆಗಳು. ಅದು ಒತ್ತಾದರೆ ತಲೆಗೇ ಆಗುವುದಿಲ್ಲ.

ಬಚ್ಚಲಲ್ಲಿ

ಉಣ್ಣೆ ಯಾಕೆ ಮುದ್ದೆಯಾಗುತ್ತದೆ ಎಂದು ನಮ್ಮ ಊರಿನವರಿಗೆ ತಿಳಿಸುವುದು ಸುಲಭ. ಭಾಗ್ಯನಗರದಲ್ಲಿ ನೇಕಾರಿಕೆಯ ಜೊತೆ ಕೂದಲಿನ ಉದ್ಯಮವೂ ಇದೆ. ಬಾಚುವಾಗ ಉದುರಿದ ಕೂದಲನ್ನು ಊರೂರಿಂದ ತಂದು, ಸಿಕ್ಕು ಬಿಡಿಸಿ, ಬಾಚಿ, ಉದ್ದಕ್ಕೆ ತಕ್ಕಂತೆ ವಿಂಗಡಿಸಿ ಹೊರದೇಶಕ್ಕೂ ಕಳಿಸುತ್ತಾರೆ. ಬುಡ-ತುದಿ ಅದಲುಬದಲಾಗಿ ಸೇರಿದ ಕೂದಲು ಎಷ್ಟು ಬೇಗ ಸಿಕ್ಕಾಗುತ್ತದೆ ಎನ್ನುವುದು ಆ ಕೆಲಸ ಮಾಡುವ ಹೆಣ್ಣುಮಕ್ಕಳಿಗೆ ಗೊತ್ತು. ಕೂದಲಿನ ಮೇಲೆ ಬರಿಗಣ್ಣಿಗೆ ಕಾಣದ ಸಣ್ಣ ಹುರುಪೆಗಳಿವೆ, ಎಲ್ಲವೂ ತುದಿಯ ಕಡೆ ಮುಖ ಮಾಡಿ ಒಂದರ ಮೇಲೊಂದು ಕೂತಿವೆ. ಉಣ್ಣೆಯೂ ಕೂದಲಿನಂತೆ ಕೆರಾಟಿನ್ ಎಂಬ ಪ್ರೋಟೀನೇ, ಅದರ ಮೇಲೂ ಇಂಥವೇ ಹುರುಪೆ. ಬಿಸಿನೀರು, ಕ್ಷಾರದ ಸಾಬೂನು ತಾಗಿದಾಗ ಅವು ಮೇಲೇಳುತ್ತವೆ. ಆಗ ತಿಕ್ಕಿದರೆ ಎಳೆಗಳು ಒಂದರೊಳಗೊಂದು ಸಿಕ್ಕಿ ಒಂದೇ ದಿಕ್ಕಿಗೆ ಜಾರುತ್ತವೆ, ಹಿಂದಕ್ಕೆ ಬರುವುದಿಲ್ಲ. ಬಿಸಿ, ಕ್ಷಾರ, ತಿಕ್ಕಾಟ ಮೂರೂ ಒಟ್ಟಿಗೆ ಸಿಗುವ ಜಾಗ ವಾಷಿಂಗ್ ಮಷೀನು. ಬಂಡೆಗಲ್ಲಿನ ಮೇಲೆ ಬ್ರಷ್ ಹಾಕಿ ಉಜ್ಜುವುದೂ ಅದಕ್ಕಿಂತ ಮೇಲಲ್ಲ.

ಕೂದಲಿಗೆ ಒಪ್ಪುವುದು ಉಣ್ಣೆಗೂ ಒಪ್ಪುತ್ತದೆ. ತಲೆಗೆ ಹಾಕುವ ಸಾದಾ ಶಾಂಪೂವಿನ ಒಂದು ಸಣ್ಣ ಪ್ಯಾಕೆಟ್ ಒಂದು ಟೊಪ್ಪಿಗೆ, ಒಂದು ಮಫ್ಲರ್‌ಗೆ ಧಾರಾಳ. ಈಜಿಯಂಥ ಉಣ್ಣೆಯ ದ್ರವ ಸಾಬೂನೂ ಸರಿ. ನನಗೆ ಮೆಚ್ಚು ಅಂಟವಾಳಕಾಯಿ. ಐದಾರು ಕಾಯಿಯ ಬೀಜ ತೆಗೆದು, ಸಿಪ್ಪೆಯನ್ನು ರಾತ್ರಿ ನೆನೆಹಾಕಿ, ಬೆಳಿಗ್ಗೆ ಕಿವುಚಿ, ಅರಿವೆಯಲ್ಲಿ ಸೋಸಿ, ಅರ್ಧ ಬಕೆಟ್ ನೀರಿಗೆ ಬೆರೆಸಿಕೊಂಡರೆ ಆಯಿತು. ರೇಷ್ಮೆ ಸೀರೆ ತೊಳೆದವರಿಗೆ ಇದು ಹೊಸದಲ್ಲ. ಬಿಳಿ ನೂಲಿಗೆ ಮಾತ್ರ ಬೇಡ, ಆ ನೀರಿನ ಕಂದು ಬಣ್ಣ ಸ್ವಲ್ಪ ಹಿಡಿಯಬಹುದು. ಬಟ್ಟೆ ಸಾಬೂನು, ವಾಷಿಂಗ್ ಪೌಡರ್, ಸೋಡಾ ಯಾವುದೂ ಬೇಡ. ಬ್ಲೀಚಿಂಗ್ ನೀರಂತೂ ಉಣ್ಣೆಯ ಹತ್ತಿರ ಸುಳಿಯಲೇಬಾರದು. ಅದು ಬಣ್ಣ ತೆಗೆದು ಸುಮ್ಮನಾಗುವುದಿಲ್ಲ, ಉಣ್ಣೆಯನ್ನೇ ಕರಗಿಸುತ್ತದೆ.

ಇನ್ನು ನೀರು. ನಮ್ಮ ಬೋರ್ ನೀರು ಗಡಸು. ಆ ನೀರಿನ ಸುಣ್ಣದಂಶ ಸಾಬೂನಿನ ಜೊತೆ ಸೇರಿ ಬೂದುಬಣ್ಣದ ಜಿಗುಟಾಗಿ ನೂಲಿನ ಒಳಗೆ ಕೂರುತ್ತದೆ. ಎಷ್ಟು ಜಾಲಿಸಿದರೂ ಹೋಗುವುದಿಲ್ಲ, ಒಣಗಿದ ಮೇಲೆ ಮಫ್ಲರ್ ಕುತ್ತಿಗೆಗೆ ಚುಚ್ಚುತ್ತದೆ. ಉಲನ್ ಕಡಿತ ಬರುತ್ತದೆ ಎಂದು ದೂರುವವರಲ್ಲಿ ಎಷ್ಟೋ ಜನರಿಗೆ ಕಡಿತ ಬರುವುದು ಈ ಜಿಗುಟಿನಿಂದ. ಶಾಂಪೂ, ದ್ರವ ಸಾಬೂನಿಗೆ ಈ ತೊಂದರೆ ಕಡಿಮೆ. ನಲ್ಲಿಯಲ್ಲಿ ಹೊಳೆ ನೀರು ಬಂದ ದಿನ, ಇಲ್ಲವೇ ಮಳೆ ನೀರು ಹಿಡಿದಿಟ್ಟಿದ್ದರೆ ಆ ನೀರಲ್ಲಿ ತೊಳೆಯುವುದು ಎಲ್ಲಕ್ಕಿಂತ ಒಳ್ಳೆಯದು.

ತಣ್ಣೀರಲ್ಲೇ ತೊಳೆದೆವು, ಆದರೂ ಚಿಕ್ಕದಾಯಿತು ಎನ್ನುವವರನ್ನು ನಾನು ಕೇಳುವ ಮೊದಲ ಪ್ರಶ್ನೆ: ಎಷ್ಟು ಹೊತ್ತಿಗೆ? ಮಾರ್ಚ್ ತಿಂಗಳ ಮಧ್ಯಾಹ್ನ ಮಾಳಿಗೆಯ ಮೇಲಿನ ಸಿಂಟೆಕ್ಸ್‌ನಿಂದ ಬರುವ ನೀರು ಕೈ ಸುಡುತ್ತದೆ. ನಲ್ಲಿಯಲ್ಲಿ ಬಂತು ಎಂದ ಮಾತ್ರಕ್ಕೆ ಅದು ತಣ್ಣೀರಲ್ಲ. ಉಣ್ಣೆಗೆ ಬೇಕಾದದ್ದು ಸುಮಾರು 30 ಡಿಗ್ರಿ, ಕೂಸಿನ ಸ್ನಾನದ ನೀರಿಗಿಂತ ತಣ್ಣಗೆ. ಬೆಳಿಗ್ಗೆಯೇ ಎರಡು ಬಕೆಟ್ ನೀರು ಒಟ್ಟಿಗೆ ತುಂಬಿಟ್ಟುಕೊಳ್ಳಿ, ಒಂದು ತೊಳೆಯಲು, ಒಂದು ಜಾಲಿಸಲು. ಎರಡರ ಬಿಸಿ ಒಂದೇ ಇರಬೇಕು. ಬೆಚ್ಚನೆಯದರಿಂದ ತೆಗೆದು ತಣ್ಣನೆಯದಕ್ಕೆ ಅದ್ದುವುದೂ ಉಣ್ಣೆಗೆ ಪೆಟ್ಟೇ.

ನೀರಿಗೆ ಹಾಕುವ ಮೊದಲು ಎರಡು ಕೆಲಸ. ಒಂದು, ಅಂಗಳಕ್ಕೆ ಹೋಗಿ ಚೆನ್ನಾಗಿ ಕೊಡವಿ, ಮೆತ್ತನೆ ಬ್ರಷ್ ಆಡಿಸಿ. ಎರೆಮಣ್ಣಿನ ದೂಳು ಒಣಗಿದ್ದಾಗ ಉದುರುತ್ತದೆ, ನೆನೆದರೆ ಕೆಸರಾಗಿ ಒಳಗಿಳಿಯುತ್ತದೆ. ಗಿಣಿಗೇರಿ ಕಡೆಯ ಕಾರ್ಖಾನೆಗಳ ಹತ್ತಿರ ಇರುವವರಂತೂ ಇದನ್ನು ತಪ್ಪಿಸಲೇಬಾರದು. ಆ ಕಪ್ಪು ದೂಳು ಒಮ್ಮೆ ನೀರಿನೊಡನೆ ನೂಲಿಗೆ ಇಳಿದರೆ ಬಿಳಿ ಬಣ್ಣದ ಆಸೆ ಬಿಡಬೇಕಾಗುತ್ತದೆ. ಎರಡು, ಅಳತೆ ನೋಡಿಡಿ. ಮಫ್ಲರ್ ಎಷ್ಟು ಗೇಣು, ಟೊಪ್ಪಿಗೆಯ ಸುತ್ತಳತೆ ಎಷ್ಟು. ಒಣಹಾಕುವಾಗ ಅದೇ ಅಳತೆಗೆ ತರಬೇಕು.

ಎರಡು ಬಣ್ಣದ ಹೆಣಿಗೆಯಾದರೆ, ಅದರಲ್ಲೂ ಕೆಂಪು ಇದ್ದರೆ, ಒದ್ದೆ ಬಿಳಿ ಅರಿವೆಯನ್ನು ಕೆಂಪಿನ ಮೇಲೆ ಒತ್ತಿ ಹಿಡಿದು ನೋಡಿ. ಅರಿವೆಗೆ ಬಣ್ಣ ಹತ್ತಿದರೆ ನೆನೆಹಾಕಬೇಡಿ, ತಣ್ಣೀರಲ್ಲಿ ಬೇಗ ಅದ್ದಿ ಬೇಗ ತೆಗೆಯಿರಿ. ಉಪ್ಪುನೀರಲ್ಲಿ ನೆನೆಸಿದರೆ ಬಣ್ಣ ನಿಲ್ಲುತ್ತದೆ ಎಂದು ಎಲ್ಲರೂ ಹೇಳುತ್ತಾರೆ. ಬಣ್ಣ ಹಾಕುವ ಕಡಾಯಿಯಲ್ಲಿ ಉಪ್ಪಿಗೆ ಕೆಲಸವಿದೆ, ಬಣ್ಣ ಹಾಕಿ ಮಾರಿದ ನೂಲಿನ ಮೇಲೆ ಇಲ್ಲ.

ತೊಳೆಯುವುದು ಎಂದರೆ ಏನೂ ಮಾಡದಿರುವುದು. ನೀರಿನಲ್ಲಿ ಮುಳುಗಿಸಿ, ಹತ್ತು ಹದಿನೈದು ನಿಮಿಷ ಬಿಡಿ, ಅಂಗೈಯಿಂದ ಮೆಲ್ಲಗೆ ಒತ್ತಿ ಬಿಡಿ, ಒತ್ತಿ ಬಿಡಿ. ತಿಕ್ಕಬಾರದು, ತಿರುವಬಾರದು. ಎತ್ತುವಾಗ ಒಂದು ತುದಿ ಹಿಡಿದು ಎಳೆಯದೆ ಕೆಳಗೆ ಎರಡೂ ಕೈ ಕೊಟ್ಟು ಮುದ್ದೆಯಾಗಿ ಎತ್ತಿ. ನೀರು ಕುಡಿದ ಮಫ್ಲರ್ ತನ್ನ ಭಾರಕ್ಕೇ ಒಂದು ಗೇಣು ಇಳಿಯುತ್ತದೆ. ಉಣ್ಣೆಯಾದರೆ ಕೊನೆಯ ಜಾಲಿಸುವ ನೀರಿಗೆ ಒಂದು ಚಮಚ ವಿನೆಗರ್ ಹಾಕಬಹುದು, ಉಳಿದ ಕ್ಷಾರ ತಗ್ಗುತ್ತದೆ.

ಹಿಂಡಬೇಡಿ. ಒಣ ಟವೆಲ್ ಹಾಸಿ, ಅದರ ಮೇಲೆ ಹರಡಿ, ಟವೆಲ್ ಸಮೇತ ಸುರುಳಿ ಸುತ್ತಿ, ಮೇಲೆ ಅಂಗೈಯಿಂದ, ದೊಡ್ಡದಾದರೆ ಮೊಣಕಾಲಿನಿಂದ ಒತ್ತಿ. ನೀರೆಲ್ಲ ಟವೆಲ್ಲಿಗೆ ಇಳಿಯುತ್ತದೆ.

ಒಣಹಾಕಲು ಹೊರಸಿಗಿಂತ ಒಳ್ಳೆಯ ಸಾಧನ ಇನ್ನೊಂದಿಲ್ಲ. ಹಗ್ಗದ ಹೊರಸಾಗಲಿ, ನವಾರದ್ದಾಗಲಿ, ನೆರಳಲ್ಲಿ ಹಾಕಿ, ಮೇಲೊಂದು ಹಳೆ ಧೋತರ ಹಾಸಿ, ಅದರ ಮೇಲೆ ಹೆಣಿಗೆಯನ್ನು ಮೊದಲಿನ ಅಳತೆಗೆ ಹರಡಿದರೆ ಗಾಳಿ ಮೇಲಿನಿಂದಲೂ ಕೆಳಗಿನಿಂದಲೂ ಆಡುತ್ತದೆ. ಹಗ್ಗಕ್ಕೆ ನೇತುಹಾಕಿದ ಮಫ್ಲರ್ ಉದ್ದವಾಗಿ ಸಣ್ಣಗಾಗುತ್ತದೆ, ಕ್ಲಿಪ್ ಹಾಕಿದ ಕಡೆ ಕಿವಿ ಬರುತ್ತದೆ. ನಮ್ಮ ಬಿಸಿಲು ಬಣ್ಣವನ್ನು ತಿನ್ನುತ್ತದೆ, ಅದರ ಅವಸರವೂ ಇಲ್ಲ, ನೆರಳಲ್ಲೇ ಸಂಜೆಯೊಳಗೆ ಒಣಗುತ್ತದೆ. ಟೊಪ್ಪಿಗೆಯನ್ನು ಬೋರಲು ಹಾಕಿದ ಸ್ಟೀಲ್ ಚರಿಗೆಗೋ ಡಬ್ಬಿಗೋ ತೊಡಿಸಿ ಒಣಗಿಸಿದರೆ ತಲೆಯ ದುಂಡು ಉಳಿಯುತ್ತದೆ. ಡಬ್ಬಿ ತಲೆಗಿಂತ ದೊಡ್ಡದಿರಬಾರದು. ಗೊಂಡೆಯನ್ನು ಬೆರಳಿಂದ ಬಿಡಿಸಿ ಬಿಡಿ, ಅದು ಒಣಗುವುದು ಕೊನೆಗೆ. ಒಳಗೆ ಹಸಿ ಉಳಿದರೆ ವಾಸನೆ ಶುರುವಾಗುವುದು ಅಲ್ಲಿಂದಲೇ.

ಇಸ್ತ್ರಿ ವಿಷಯ ಒಂದೇ ಮಾತು: ಅಕ್ರಿಲಿಕ್ಕಿಗೆ ಇಸ್ತ್ರಿ ಮುಟ್ಟಿಸಬೇಡಿ. ಬಿಸಿ ತಾಗಿದ ಜಾಗದಲ್ಲಿ ನೂಲಿನ ಪುಟಿತ ಸತ್ತು ಜೋಲು ಬೀಳುತ್ತದೆ, ಹೊಳಪು ಬರುತ್ತದೆ, ಮತ್ತೆಂದೂ ಸರಿಹೋಗುವುದಿಲ್ಲ.

ಹೀಗೆಲ್ಲ ತೊಳೆಯುವುದು ವಾರಕ್ಕೊಮ್ಮೆಯ ಕೆಲಸವಲ್ಲ. ಉಣ್ಣೆ ವಾಸನೆಯನ್ನು ಬೇಗ ಬಿಟ್ಟುಕೊಡುತ್ತದೆ. ಹಾಕಿ ತೆಗೆದ ಮೇಲೆ ಒಂದು ರಾತ್ರಿ ಗಾಳಿಗೆ ಹರಡಿದರೆ ಸಾಕು. ಚಳಿ ಮುಗಿದು ಟ್ರಂಕಿಗೆ ಹೋಗುವ ಮುಂಚಿನ ಒಂದು ತೊಳೆತ ಮಾತ್ರ ತಪ್ಪಿಸುವಂತಿಲ್ಲ. ಅದು ಯಾಕೆ ಎನ್ನುವುದು ನುಸಿಯ ವಿಷಯದಲ್ಲಿ ಬರುತ್ತದೆ.

ಕೂಸಿನ ಕುಲಾವಿ

ಇದಕ್ಕೆ ಬೇರೆಯೇ ಲಕ್ಷ್ಯ ಬೇಕು. ಕೂಸಿನ ತಲೆಗೆ ಎಣ್ಣೆ ಹಚ್ಚಿ ಕುಲಾವಿ ಕಟ್ಟುತ್ತೇವೆ, ಎಣ್ಣೆ ನೂಲಿಗಿಳಿದು ಹಳಸಿ ಕಮಟು ಹಿಡಿಯುತ್ತದೆ. ಒಳಗೆ ಒಂದು ತೆಳು ಹತ್ತಿ ಟೊಪ್ಪಿಗೆ ಹಾಕಿ, ಅದರ ಮೇಲೆ ಹೆಣೆದದ್ದು ಹಾಕಿದರೆ ಅರ್ಧ ತೊಂದರೆ ತಪ್ಪುತ್ತದೆ, ಕೂಸಿಗೂ ಚುಚ್ಚುವುದಿಲ್ಲ. ಎಣ್ಣೆ ಹತ್ತಿಯೇ ಬಿಟ್ಟಿದ್ದರೆ ಕಡಲೆಹಿಟ್ಟು ಉದುರಿಸಿ, ಒಂದೆರಡು ತಾಸು ಬಿಟ್ಟು ಕೊಡವಿ, ಆಮೇಲೆ ಶಾಂಪೂ ನೀರು.

ಬಾಣಂತಿ ಹೊರಸಿನ ಕೆಳಗೆ ಕೆಂಡ ಇಡುವುದು, ಎರೆದ ಮೇಲೆ ಕೂಸಿಗೆ ಲೋಬಾನದ ಹೊಗೆ ಹಿಡಿಯುವುದು ನಮ್ಮಲ್ಲಿ ಇನ್ನೂ ನಡೆದಿದೆ. ಇವನ್ನು ಮಾಡಬೇಕೋ ಬೇಡವೋ ನಿಮ್ಮ ಡಾಕ್ಟರರನ್ನು ಕೇಳಿ. ನನ್ನ ಮಾತು ಹೆಣಿಗೆಯದ್ದು ಮಾತ್ರ: ಅಕ್ರಿಲಿಕ್ ಕುಲಾವಿ, ಕಾಲುಚೀಲ ಹಾಕಿದ ಕೂಸನ್ನು ಕೆಂಡದ ಹತ್ತಿರ ತರಲೇಬೇಡಿ. ಒಂದು ಕಿಡಿ ಸಿಡಿದರೂ ನೂಲು ಕರಗಿ ಚರ್ಮಕ್ಕೆ ಅಂಟುತ್ತದೆ. ಉಣ್ಣೆಗೆ ಬೆಂಕಿ ಹಿಡಿಯುವುದು ಕಷ್ಟ, ಅಕ್ರಿಲಿಕ್ಕಿಗೆ ಸುಲಭ.

ಇನ್ನೊಂದು, ಡಾಂಬರು ಗುಳಿಗೆ. ಅಣ್ಣ ಹಾಕಿಕೊಂಡ ಕುಲಾವಿಯನ್ನು ಗುಳಿಗೆ ಜೊತೆ ಎತ್ತಿಟ್ಟು ತಂಗಿ ಹುಟ್ಟಿದಾಗ ನೇರ ತಲೆಗೆ ಕಟ್ಟುವ ರೂಢಿ ಎಷ್ಟೋ ಮನೆಗಳಲ್ಲಿದೆ. ಆ ಗುಳಿಗೆ ನ್ಯಾಫ್ತಲಿನ್. ಜಿ6ಪಿಡಿ ಎಂಬ ಕಿಣ್ವದ ಕೊರತೆ ಹುಟ್ಟಿನಿಂದಲೇ ಇರುವ ಮಕ್ಕಳಲ್ಲಿ ಅದು ಕೆಂಪು ರಕ್ತಕಣಗಳನ್ನು ಒಡೆದು ರಕ್ತಹೀನತೆ, ಕಾಮಾಲೆ ತರುತ್ತದೆ. ಕೊರತೆ ಇದೆಯೋ ಇಲ್ಲವೋ ಹೊರಗಿನಿಂದ ನೋಡಿ ತಿಳಿಯುವುದಿಲ್ಲ. ಕೂಸಿನ ಬಟ್ಟೆಯ ಟ್ರಂಕಿಗೆ ಗುಳಿಗೆ ಹಾಕಲೇಬೇಡಿ. ಕರ್ಪೂರವೂ ಮಕ್ಕಳಿಗೆ ವಿಷವೇ, ಅದರ ಬದಲು ಇದು ಎಂದು ಹಾಕಬೇಡಿ.

ಕುಲಾವಿಯ ಗುಂಡಿ, ಮಣಿ, ಗೊಂಡೆಗಳನ್ನು ಪ್ರತಿ ಸಲ ತೊಳೆದ ಮೇಲೆ ಎಳೆದು ನೋಡಿ. ಕೂಸು ಬಾಯಿಗೆ ಹಾಕಿಕೊಳ್ಳುವುದು ಮೊದಲು ಅವನ್ನೇ. ಗುಂಡಿಯನ್ನು ಉಲನ್ ಎಳೆಯಿಂದ ಹಚ್ಚಿದ್ದರೆ ಬಿಚ್ಚಿ ಗಟ್ಟಿ ಹೊಲಿಗೆ ದಾರದಲ್ಲಿ ಹಚ್ಚಿಕೊಳ್ಳಿ. ಮಲಗಿಸುವಾಗ ಗದ್ದದ ಕೆಳಗೆ ಕಟ್ಟುವ ಲಾಡಿಯ ಕುಲಾವಿ ತೆಗೆದುಬಿಡಿ.

ಟ್ರಂಕು

ಉಣ್ಣೆ ತಿನ್ನುವುದು ಹಾರಾಡುವ ನುಸಿಯಲ್ಲ. ಆ ಬಂಗಾರಬಣ್ಣದ ಸಣ್ಣ ಪತಂಗಕ್ಕೆ ತಿನ್ನುವ ಬಾಯಿಯೇ ಇಲ್ಲ. ಅದು ಕತ್ತಲಲ್ಲಿ ಮೊಟ್ಟೆ ಇಟ್ಟು ಸಾಯುತ್ತದೆ, ತಿನ್ನುವುದು ಮೊಟ್ಟೆ ಒಡೆದು ಬರುವ ಮರಿಹುಳ. ಬೆವರು, ತಲೆ ಎಣ್ಣೆ, ಚೆಲ್ಲಿದ ಹಾಲು ಇದ್ದ ಕಡೆ ಅದು ಮೊದಲು ಬಾಯಿ ಹಾಕುತ್ತದೆ. ತೂತು ಬಿದ್ದ ಮಫ್ಲರ್ ನೋಡಿ, ಹೆಚ್ಚಾಗಿ ಕುತ್ತಿಗೆಗೆ ತಾಗುವ ಕಡೆಯೇ ಬಿದ್ದಿರುತ್ತದೆ. ಒಂದೇ ಸಲ ಹಾಕಿದ್ದು, ಕೊಳೆಯೇನೂ ಆಗಿಲ್ಲ ಎಂದು ಹಾಗೇ ಮಡಿಚಿಡುವುದು ಹುಳಕ್ಕೆ ಎಲೆ ಹಾಕಿದ ಹಾಗೆಯೇ.

ನುಸಿಯ ಅನುಮಾನವಿದ್ದರೆ ತಣ್ಣನೆ ದೇಶದವರು ಫ್ರೀಜರಿನಲ್ಲಿಡಿ ಎನ್ನುತ್ತಾರೆ. ಮೈನಸ್ 18 ಡಿಗ್ರಿಯಲ್ಲಿ ಒಂದು ವಾರ ಇಟ್ಟರೆ ಹುಳ, ಮೊಟ್ಟೆ ಎರಡೂ ಸಾಯುವುದು ನಿಜ. ಆದರೆ ಒಂದೇ ಬಾಗಿಲಿನ ಫ್ರಿಜ್ಜಿನ ಮೇಲಿನ ಗೂಡು ಅಷ್ಟು ತಣ್ಣಗಾಗುವುದು ಕಷ್ಟ, ನಡುವೆ ಕರೆಂಟು ಬೇರೆ ಹೋಗುತ್ತದೆ. ನಮಗೆ ಅದಕ್ಕಿಂತ ದೊಡ್ಡ ಆಸ್ತಿ ಮಾಳಿಗೆಯ ಮೇಲಿದೆ. ಹುಳ, ಮೊಟ್ಟೆ 50 ಡಿಗ್ರಿ ದಾಟಿದ ಬಿಸಿಯನ್ನು ಕೆಲವು ತಾಸು ತಾಳಲಾರವು. ಏಪ್ರಿಲ್-ಮೇ ತಿಂಗಳಲ್ಲಿ ಪೂರ್ತಿ ಒಣಗಿದ ಹೆಣಿಗೆಯನ್ನು ಹಳೆ ಅರಿವೆಯಲ್ಲಿ ಸುತ್ತಿ, ಕಪ್ಪು ಪ್ಲಾಸ್ಟಿಕ್ ಚೀಲಕ್ಕೆ ಹಾಕಿ, ಬಾಯಿ ಕಟ್ಟಿ, ಬೆಳಿಗ್ಗೆಯಿಂದ ಸಂಜೆವರೆಗೆ ಮಾಳಿಗೆಯ ಬಂಡೆಯ ಮೇಲೆ ಇಡಿ. ನಡುವೆ ಒಮ್ಮೆ ಮಗ್ಗುಲು ಬದಲಿಸಿ. ಅರಿವೆ ಸುತ್ತಿರುವುದರಿಂದ ಬಣ್ಣಕ್ಕೆ ಬಿಸಿಲು ತಾಗುವುದಿಲ್ಲ. ಹಸಿ ಇದ್ದರೆ ಮಾತ್ರ ಇದನ್ನು ಮಾಡಬೇಡಿ, ಒಳಗೇ ಬೇಯುತ್ತದೆ. ಮರುದಿನ ಹೊರತೆಗೆದು ಕೊಡವಿ, ಸತ್ತ ಹುಳ, ಮೊಟ್ಟೆ ಉದುರಲಿ.

ಆ ಪ್ಲಾಸ್ಟಿಕ್ ಚೀಲದಲ್ಲೇ ಎತ್ತಿಟ್ಟುಬಿಡುವ ಆಸೆ ಬೇಡ. ಮಳೆಗಾಲದ ತೇವ ಒಳಗೆ ಸಿಕ್ಕರೆ ಬೂಸ್ಟು ಬರುತ್ತದೆ. ಹಳೆ ಹತ್ತಿ ಸೀರೆ, ಒಗೆದ ದಿಂಬಿನ ಚೀಲ ಸಾಕು, ಬಾಯಿ ಬಿಗಿಯಾಗಿ ಮಡಿಚಿ. ಕಬ್ಬಿಣದ ಟ್ರಂಕಿನ ತಳಕ್ಕೂ ಒಂದು ಅರಿವೆ ಹಾಸಿ, ತುಕ್ಕಿನ ಕಲೆ ಉಣ್ಣೆಯಿಂದ ಹೋಗುವುದು ಕಷ್ಟ. ವಾರ್ತಾಪತ್ರಿಕೆ ಬೇಡ, ಮಸಿ ಹತ್ತುತ್ತದೆ. ಒಣ ಬೇವಿನೆಲೆ, ಬಜೆ ಬೇರು, ಲವಂಗವನ್ನು ಸಣ್ಣ ಗಂಟು ಕಟ್ಟಿ ಇಡುವುದು ಒಳ್ಳೆಯದೇ. ವಾಸನೆ ಇರುವಷ್ಟು ದಿನ ಪತಂಗ ಸ್ವಲ್ಪ ದೂರ ಇರುತ್ತದೆ. ಆದರೆ ಒಳಗೆ ಆಗಲೇ ಮೊಟ್ಟೆ ಇದ್ದರೆ ಬೇವು ಏನೂ ಮಾಡುವುದಿಲ್ಲ. ತೊಳೆಯುವುದು, ಬಿಸಿಲು ಕಾಣಿಸುವುದು ಮೊದಲು, ಬೇವು ಆಮೇಲೆ.

ಮಫ್ಲರ್ ಸುರುಳಿ ಸುತ್ತಿಡಿ. ಟೊಪ್ಪಿಗೆ, ಕುಲಾವಿಯ ಒಳಗೆ ಮೆತ್ತನೆ ಅರಿವೆ ತುಂಬಿ ಎಲ್ಲದರ ಮೇಲಿಡಿ. ಸ್ಟೀಲ್ ಪಾತ್ರೆಗಳಿಗೆ ಬೇರೆ ಜಾಗ ನೋಡಿಕೊಳ್ಳಿ, ವರ್ಷವಿಡೀ ಭಾರ ಹೊತ್ತ ಬಾರ್ಡರ್ ಮತ್ತೆ ಪುಟಿಯುವುದಿಲ್ಲ. ಮಹಾನವಮಿಗೆ ಹೇಗೂ ಮನೆಯ ಅರಿವೆಯೆಲ್ಲ ತೊಳೆಯುತ್ತೀರಿ, ಆಗ ಇವನ್ನೂ ಹೊರತೆಗೆದು, ಕೊಡವಿ, ಗಾಳಿಗೆ ಹಾಕಿ, ಮಡಿಕೆಯ ಗೆರೆ ಬದಲಿಸಿ ಮತ್ತೆ ಇಡಿ. ಹುಳಕ್ಕೆ ಬೆಳಕು, ಅಲುಗಾಟ ಎರಡೂ ಆಗುವುದಿಲ್ಲ.

ಹತ್ತಿ ದಾರದ ತೋರಣ, ತಟ್ಟೆ ಮುಚ್ಚುವ ಕ್ರೋಶಾ ಇವಕ್ಕೆ ಗಂಜಿ ಹಾಕಿ ಗರಿಗರಿ ಮಾಡುವುದು ಚಂದವೇ. ಎತ್ತಿಡುವ ಮೊದಲು ಆ ಗಂಜಿ ತೊಳೆದು ತೆಗೆಯಿರಿ. ಉಣ್ಣೆಗೆ ನುಸಿ ಬಂದ ಹಾಗೆ ಗಂಜಿಗೆ ಬೆಳ್ಳಿಹುಳ ಬರುತ್ತದೆ.

ಸಣ್ಣಪುಟ್ಟ ರಿಪೇರಿ

ಬಳೆಗೋ ಮೊಳೆಗೋ ಸಿಕ್ಕಿ ಎಳೆ ಹೊರಬಂದರೆ ಕತ್ತರಿ ಹುಡುಕಬೇಡಿ. ಕತ್ತರಿಸಿದರೆ ಒಂದು ಎಳೆ ಹೋದದ್ದು ಒಂದು ತೂತಾಗುತ್ತದೆ. ಕ್ರೋಶಾ ಕಡ್ಡಿಯನ್ನು ಒಳಗಿನಿಂದ ತೂರಿಸಿ ಎಳೆಯನ್ನು ಒಳಮೈಗೆ ಎಳೆದುಕೊಳ್ಳಿ. ಆಮೇಲೆ ಆ ಜಾಗವನ್ನು ಅಡ್ಡಕ್ಕೂ ಉದ್ದಕ್ಕೂ ಮೆಲ್ಲಗೆ ಜಗ್ಗಿದರೆ ಸಡಿಲವೆಲ್ಲ ಅಕ್ಕಪಕ್ಕದ ಕುಣಿಕೆಗಳಿಗೆ ಹಂಚಿಹೋಗುತ್ತದೆ. ಕುಣಿಕೆ ಬಿಟ್ಟು ಕೆಳಗೆ ಜಾರತೊಡಗಿದ್ದರೆ ಆ ಕ್ಷಣವೇ ಅದಕ್ಕೊಂದು ಪಿನ್ನು ಸಿಕ್ಕಿಸಿ. ಅಷ್ಟು ಮಾಡಿ ತಂದರೆ ನನ್ನಂಥವರ ಕೆಲಸ ಹತ್ತು ನಿಮಿಷದ್ದು, ಪಿನ್ನು ಹಾಕದೆ ತಂದರೆ ಒಂದು ಮಧ್ಯಾಹ್ನದ್ದು.

ಮೈಮೇಲೆ ಏಳುವ ನೂಲಿನ ಸಣ್ಣ ಗುಂಡುಗಳು ಉಣ್ಣೆಯಲ್ಲಿ ಕಾಲಕ್ರಮೇಣ ತಾವೇ ಉದುರುತ್ತವೆ. ಅಕ್ರಿಲಿಕ್ಕಿನ ಎಳೆ ಗಟ್ಟಿ, ಗುಂಡು ಬಿಡದೆ ಅಂಟಿಕೊಂಡೇ ಇರುತ್ತದೆ. ಬೆರಳಿಂದ ಕಿತ್ತರೆ ಜೊತೆಗೆ ಇನ್ನಷ್ಟು ಎಳೆ ಬರುತ್ತದೆ. ಹೆಣಿಗೆಯನ್ನು ಬಿಗಿಯಾಗಿ ಹಾಸಿ, ಹೊಸ ಬ್ಲೇಡಿನ ಶೇವಿಂಗ್ ರೇಜರನ್ನು ಭಾರ ಹಾಕದೆ ಒಂದೇ ದಿಕ್ಕಿಗೆ ಆಡಿಸಿ.

ಸೀದಾ-ಉಲ್ಟಾ ಬಾರ್ಡರ್ ಸಡಿಲವಾಗಿದ್ದರೆ, ಉಣ್ಣೆಯದನ್ನು ಬೆಚ್ಚನೆ ನೀರಲ್ಲಿ ಅದ್ದಿ, ಕೈಯಲ್ಲಿ ಒತ್ತೊತ್ತಾಗಿ ಕೂಡಿಸಿ ಒಣಗಲು ಬಿಟ್ಟರೆ ಬಹುಮಟ್ಟಿಗೆ ಹಿಂದಿರುಗುತ್ತದೆ. ಅಕ್ರಿಲಿಕ್ ಹಿಂದಿರುಗುವುದಿಲ್ಲ, ಒಳಗಿನಿಂದ ತೆಳು ಇಲಾಸ್ಟಿಕ್ ಎಳೆ ಪೋಣಿಸುವುದೇ ದಾರಿ.

ಹೆಣೆಸುವಾಗಲೇ ಹೆಣೆದವರ ಹತ್ತಿರ ಎರಡು ಗಜ ಮಿಕ್ಕ ನೂಲು, ಉಂಡೆಯ ಚೀಟಿ ಕೇಳಿ ತೆಗೆದುಕೊಳ್ಳಿ. ಬಣ್ಣ ಒಂದೇ ಅನಿಸಿದರೂ ಬೇರೆ ಬೇರೆ ಸಲ ಬಣ್ಣ ಹಾಕಿದ ಉಂಡೆಗಳಲ್ಲಿ ಛಾಯೆ ಬೇರೆ ಇರುತ್ತದೆ, ಅದಕ್ಕೇ ಚೀಟಿಯ ಮೇಲೆ ಬಣ್ಣದ ಸಂಖ್ಯೆಯ ಜೊತೆ ಲಾಟ್ ಸಂಖ್ಯೆಯೂ ಇರುವುದು. ಆ ಮಿಕ್ಕ ಎಳೆಯನ್ನು ಟೊಪ್ಪಿಗೆ ತೊಳೆಯುವಾಗ ಅದೇ ಬಕೆಟ್ಟಿಗೆ ಹಾಕಿ. ಎರಡೂ ಒಟ್ಟಿಗೆ ಮಾಸುತ್ತವೆ, ನಾಲ್ಕು ವರ್ಷ ಬಿಟ್ಟು ತೇಪೆ ಹಾಕಿದಾಗ ತೇಪೆ ಕಾಣುವುದಿಲ್ಲ.

ಕೂಸು ದೊಡ್ಡದಾಗಿ, ಕುಲಾವಿ ಯಾರಿಗೂ ಆಗದೆ ಉಳಿದರೆ ಬಿಚ್ಚಿ. ಕೊನೆಗೆ ಮುಗಿಸಿದ ತುದಿ ಹುಡುಕಿ ಎಳೆದರೆ ಸುಲಭವಾಗಿ ಬರುತ್ತದೆ. ಸುಕ್ಕುಸುಕ್ಕಾದ ನೂಲನ್ನು ಕುರ್ಚಿಯ ಬೆನ್ನಿಗೆ ಸುತ್ತಿ ಲಡಿ ಮಾಡಿ, ನಾಲ್ಕು ಕಡೆ ಸಡಿಲಾಗಿ ಕಟ್ಟಿ, ನೀರಲ್ಲಿ ಅದ್ದಿ, ನೆರಳಲ್ಲಿ ತೂಗುಹಾಕಿದರೆ ಮತ್ತೆ ನೆಟ್ಟಗಾಗಿ ಹೆಣೆಯಲು ಬರುತ್ತದೆ. ಮಷೀನಿಗೆ ಸಿಕ್ಕಿ ಮುದ್ದೆಯಾದ ಉಣ್ಣೆಯನ್ನು ಮಾತ್ರ ಬಿಚ್ಚಲಾಗದು. ಅದನ್ನು ಕತ್ತರಿಯಿಂದ ಕತ್ತರಿಸಿದರೂ ಎಳೆ ಬಿಡುವುದಿಲ್ಲ, ಅಂಚು ಹೊಲಿಯುವ ಕೆಲಸವೂ ಇಲ್ಲ. ಗೊಂಬೆ ತಲೆಯಷ್ಟಾದ ಆ ಟೊಪ್ಪಿಗೆಯನ್ನು ನಾನು ಎರಡು ತುಂಡು ಮಾಡಿ, ಜೋಡಿಸಿ ಹೊಲಿದು, ಬಿಸಿ ಪಾತ್ರೆ ಹಿಡಿಯುವ ಹಿಡಿಕೆ ಮಾಡಿ ಕೊಟ್ಟೆ. ಉಣ್ಣೆ ಎಂದು ಸುಟ್ಟು ನೋಡಿ ಖಚಿತವಾದ ಮೇಲೆಯೇ ಹೀಗೆ ಮಾಡಬೇಕು. ಅಕ್ರಿಲಿಕ್ ಹಿಡಿಕೆ ಒಲೆಯ ಹತ್ತಿರ ಬೇಡ.